ಮೈನಸ್ 40ರಲ್ಲಿ ಮುಳ್ಳು ಕದಲುತ್ತಿಲ್ಲ, ಏನು ಮಾಡಲಿ?

ಪೀಣ್ಯ_ಟೂಲ್‌ರೂಮ್ · ಜುಲೈ 8

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಐದು ಜನ ಇದ್ದೇವೆ. ಗೇಜ್, ಫಿಕ್ಸ್ಚರ್ ಮಾಡಿಕೊಡುತ್ತೇವೆ. ಇಲ್ಲಿಯವರೆಗೆ ಮಾಡಿದ್ದೆಲ್ಲ ಬೆಂಗಳೂರಿನ ಹವೆಗೆ, ಜಾಸ್ತಿ ಅಂದರೆ ಚೆನ್ನೈ ಬಿಸಿಲಿಗೆ.

ಈಗ ಬಂದಿರುವ ಆರ್ಡರ್ ಬೇರೆ ಥರ. ಲಡಾಖ್‌ನಲ್ಲಿ ಹವಾಮಾನ ಅಳೆಯುವ ಕಂಬಗಳಿವೆ. ಅವನ್ನು ಸುತ್ತಲೂ ವೈರ್ ಎಳೆದು ಕಟ್ಟಿರುತ್ತಾರೆ. ಆ ವೈರ್ ಎಷ್ಟು ಬಿಗಿ ಇದೆ ಎಂದು ನೋಡುವ ಕೈಮೀಟರ್ ಬೇಕಂತೆ. ಬ್ಯಾಟರಿ ಇರಬಾರದು, ಮೈನಸ್ 40ರಲ್ಲೂ ನಡೆಯಬೇಕು.

ನಮ್ಮ ಡಿಸೈನ್ ಸರಳ. ಎರಡು ಗೂಟಗಳ ನಡುವೆ ವೈರ್ ಕೂರುತ್ತದೆ, ಮಧ್ಯದ ಕೊಕ್ಕೆ ಅದನ್ನು ಪಕ್ಕಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆ ಒಂದು ಉಕ್ಕಿನ ಪಟ್ಟಿ ಬಾಗುತ್ತದೆ. ಎಷ್ಟು ಬಾಗಿತು ಎಂದು ಡಯಲ್ ತೋರಿಸುತ್ತದೆ. ಬಾಡಿ ಅಲ್ಯೂಮಿನಿಯಂ, ಅದರ ತೂತಿನಲ್ಲಿ ಜಾರುವ ಕಡ್ಡಿ (ಪ್ಲಂಜರ್) ಉಕ್ಕಿನದು, 8 ಮಿಮೀ. ಮೇಲೆ ಅಕ್ರಿಲಿಕ್ ಗಾಜು.

ಥರ್ಮಾಕೋಲ್ ಪೆಟ್ಟಿಯಲ್ಲಿ ಡ್ರೈ ಐಸ್ ಹಾಕಿ ಟೆಸ್ಟ್ ಮಾಡಿದೆವು. ಮೈನಸ್ 10ರಲ್ಲಿ ಚೆನ್ನಾಗಿತ್ತು. ಮೈನಸ್ 20ರಲ್ಲಿ ಮುಳ್ಳು ತೂಕಡಿಸಿದ ಹಾಗೆ ನಿಧಾನ ಆಯಿತು. ಮೈನಸ್ 30ಕ್ಕೆ ಪೂರ್ತಿ ನಿಂತಿತು. ಹೊರಗೆ ತೆಗೆದಿಟ್ಟ ಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಓಡುತ್ತಿದೆ. ಎಲ್ಲಿ ತಪ್ಪಿದೆ?

ಹಿಮದೂರಿನವಳು · ಜುಲೈ 8

ಎಡ್ಮಂಟನ್‌ನಿಂದ ಬರೆಯುತ್ತಿದ್ದೇನೆ, ಮೂಲ ಊರು ತಿಪಟೂರು. ಇಲ್ಲಿ ಗ್ಯಾಸ್ ಪ್ಲಾಂಟ್ ಒಂದರಲ್ಲಿ ಮೀಟರ್, ಗೇಜ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ.

ಮೊದಲು ಗ್ರೀಸ್ ನೋಡಿ. ಮಾಮೂಲಿ ಗ್ರೀಸ್ ಹಾಕಿದ್ದರೆ ಮೈನಸ್ 20ಕ್ಕೆ ಅದು ಮೇಣ. ಇಲ್ಲಿ ಜನವರಿಯಲ್ಲಿ ಕಾರಿನ ಎಂಜಿನ್ನಿಗೂ ರಾತ್ರಿ ಪ್ಲಗ್ ಹಾಕಿ ಬೆಚ್ಚಗಿಡುತ್ತೇವೆ. ಇಲ್ಲದಿದ್ದರೆ ಬೆಳಿಗ್ಗೆ ಎಣ್ಣೆ ಜೇನುತುಪ್ಪದ ಹಾಗೆ ಆಗಿರುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ಪಾಠ ಕಲಿತೆ. ಮುಳ್ಳು ನಡುಗದಿರಲಿ ಎಂದು ಪ್ರೆಶರ್ ಗೇಜ್ ಒಳಗೆ ಗ್ಲಿಸರಿನ್ ತುಂಬಿರುತ್ತಾರಲ್ಲ, ಅದು ಸಾಮಾನ್ಯವಾಗಿ ಮೈನಸ್ 20ರವರೆಗೆ ಮಾತ್ರ. ಅದಕ್ಕಿಂತ ಕೆಳಗೆ ಸಿಲಿಕೋನ್ ಎಣ್ಣೆ ತುಂಬಿದ್ದೇ ಬೇಕು. ನನಗೆ ಗೊತ್ತಿರಲಿಲ್ಲ. ಗೇಜ್ 6 ಬಾರ್ ತೋರಿಸುತ್ತಿದೆ ಎಂದು ಶಿಫ್ಟ್ ಪೂರ್ತಿ ಬರೆದುಕೊಂಡೆ. ಲೈನ್ ಖಾಲಿಯಾಗಿ ಗಂಟೆಗಳೇ ಆಗಿದ್ದವು.

ಮೂರನೇ_ಸೆಮ್ · ಜುಲೈ 8

ಸುಮ್ನೆ ಒಂದು ಪ್ರಶ್ನೆ. ಲೋಡ್ ಸೆಲ್ (ಎಳೆತ ಅಳೆಯುವ ಎಲೆಕ್ಟ್ರಾನಿಕ್ ಸೆನ್ಸರ್) ಹಾಕಿ ಡಿಜಿಟಲ್ ಮಾಡಿಬಿಟ್ಟರೆ ಆಗಲ್ವಾ? ಇಷ್ಟೆಲ್ಲ ಯಾಕೆ?

ಹೊಸಕೋಟೆ_ಹಾನ್ಲೆ · ಜುಲೈ 9

ತಮ್ಮಾ, ಮೈನಸ್ 25ರಲ್ಲಿ ಸಾಮಾನ್ಯ ಎಲ್‌ಸಿಡಿ ಪರದೆ ನೋಡಿದ್ದೀಯಾ? ಅಂಕಿ ಬದಲಾಗುವಷ್ಟರಲ್ಲಿ ಟೀ ಕುಡಿದು ಬರಬಹುದು. ಆಲ್ಕಲೈನ್ ಸೆಲ್ ಅಷ್ಟು ಹೊತ್ತಿಗೆ ಕೈ ಎತ್ತಿರುತ್ತದೆ. ಲಿಥಿಯಂ ಸೆಲ್ ತಡೆಯುತ್ತದೆ, ಆದರೆ ಹಳ್ಳಿ ಕೊನೆಯ ಅಂಗಡಿಯಲ್ಲಿ ಅದು ಸಿಗಬೇಕಲ್ಲ.

ನಾನು ಲಡಾಖ್‌ನ ಹಾನ್ಲೆಯಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಗೊತ್ತಿಲ್ಲದವರಿಗೆ: ಅಲ್ಲಿ 4500 ಮೀಟರ್ ಎತ್ತರದಲ್ಲಿ 2 ಮೀಟರ್ ಅಗಲದ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯದು. ಅದನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ.

ಪೀಣ್ಯ ಅವರೇ, ಡ್ರೈ ಐಸ್ ಟೆಸ್ಟ್ ಮಾಡುವಾಗ ಕಿಟಕಿ ತೆಗೆದಿಡಿ. ಅದು ಇಂಗಾಲದ ಡೈಆಕ್ಸೈಡ್. ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ.

ನಿವೃತ್ತ_ಗಡಿಯಾರ · ಜುಲೈ 9

ನಾನು ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದು ಮಾತು ಹೇಳಲೇ? ನಿಮ್ಮ ಡಯಲ್‌ನ ರ್ಯಾಕ್, ಪಿನಿಯನ್‌ಗೆ (ಮುಳ್ಳು ತಿರುಗಿಸುವ ಹಲ್ಲಿನ ಪಟ್ಟಿ, ಹಲ್ಲಿನ ಚಕ್ರ) ಎಣ್ಣೆ ಬೇಕಾಗೇ ಇಲ್ಲ. ಅದು ದಿನಕ್ಕೆ ಹತ್ತು ಸಲ ಓಡಾಡುವ ಯಂತ್ರ. ವಾಚಿನ ಬ್ಯಾಲೆನ್ಸ್ ವೀಲ್ ಹಾಗೆ ಗಂಟೆಗೆ 18,000 ಸಲ ಬಡಿದುಕೊಳ್ಳುವುದಿಲ್ಲ. ಅಲ್ಲೂ ನಾವು ಹಾಕುತ್ತಿದ್ದುದು ಸೂಜಿಮೊನೆಯಷ್ಟು ಎಣ್ಣೆ. ಎಲ್ಲ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಒಣಗಿದ ಹಾಗೇ ಜೋಡಿಸಿ. ಜಾರಬೇಕಾದ ಜಾಗಕ್ಕೆ ಮಾಲಿಬ್ಡಿನಂ ಡೈಸಲ್ಫೈಡ್ ಪುಡಿ ಉಜ್ಜಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಅಷ್ಟು ಸಾಕು.

ಪೀಣ್ಯ_ಟೂಲ್‌ರೂಮ್ · ಜುಲೈ 14

ಸರ್ ಹೇಳಿದ ಹಾಗೆ ಮಾಡಿದೆ. ಮೈನಸ್ 20ರಲ್ಲಿ ಈಗ ಮುಳ್ಳು ಸಲೀಸಾಗಿ ಓಡುತ್ತದೆ. ಖುಷಿಯಾಯಿತು. ಆದರೆ ಮೈನಸ್ 30ಕ್ಕೆ ಮತ್ತೆ ಗಕ್ಕನೆ ನಿಂತಿತು! ಈ ಸಲ ನಿಧಾನ ಆಗಲೇ ಇಲ್ಲ. ಓಡುತ್ತಿತ್ತು, ನಿಂತಿತು, ಅಷ್ಟೇ.

ನಿವೃತ್ತ_ಗಡಿಯಾರ · ಜುಲೈ 14

ಪ್ಲಂಜರ್‌ಗೂ ಬಾಡಿಗೂ ನಡುವೆ ಎಷ್ಟು ಕ್ಲಿಯರೆನ್ಸ್ (ಖಾಲಿ ಜಾಗ) ಬಿಟ್ಟಿದ್ದೀರಿ? ಒಳಗೆ ಬುಶ್ (ತೂತಿಗೆ ತೂರಿಸುವ ಕೊಳವೆ) ಇದೆಯೋ, ನೇರ ಅಲ್ಯೂಮಿನಿಯಂನಲ್ಲೇ ತೂತೋ?

ಪೀಣ್ಯ_ಟೂಲ್‌ರೂಮ್ · ಜುಲೈ 14

ನೇರ ತೂತು ಸರ್, ಬುಶ್ ಇಲ್ಲ. ರೀಮ್ ಮಾಡಿ ಹೋನಿಂಗ್ ಮಾಡಿದ್ದೇವೆ (ತೂತನ್ನು ಉಜ್ಜಿ ನಯವಾಗಿ, ನಿಖರ ಅಳತೆಗೆ ತಂದಿದ್ದೇವೆ). ಕ್ಲಿಯರೆನ್ಸ್ 5 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲು. ಅದರ ಬಗ್ಗೆ ನಮಗೆ ಸ್ವಲ್ಪ ಜಂಬವೂ ಇತ್ತು.

ನಿವೃತ್ತ_ಗಡಿಯಾರ · ಜುಲೈ 15

ಆ ಜಂಬವೇ ಹಿಡಿದುಕೊಂಡಿದೆ ನೋಡಿ.

ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಒಂದು ಡಿಗ್ರಿ ತಣ್ಣಗಾದರೆ 23 ಮೈಕ್ರಾನ್ ಕುಗ್ಗುತ್ತದೆ. ಉಕ್ಕು ಹನ್ನೊಂದೂವರೆ. ತೂತೂ ಅಷ್ಟೇ ಕುಗ್ಗುತ್ತದೆ. ಕೆಲವರು ಲೋಹ ಕುಗ್ಗಿದರೆ ತೂತು ದೊಡ್ಡದಾಗುತ್ತದೆ ಅಂದುಕೊಂಡಿರುತ್ತಾರೆ, ಅದು ತಪ್ಪು. 25ರಿಂದ ಮೈನಸ್ 30ಕ್ಕೆ ಇಳಿದರೆ 55 ಡಿಗ್ರಿ. 8 ಮಿಮೀ ವ್ಯಾಸದಲ್ಲಿ ತೂತು ಪ್ಲಂಜರ್‌ಗಿಂತ 5.06 ಮೈಕ್ರಾನ್ ಜಾಸ್ತಿ ಕುಗ್ಗಿತು. ನೀವು ಬಿಟ್ಟಿದ್ದ ಜಾಗ 5. ಎಷ್ಟು ಚೆನ್ನಾಗಿ ಮಾಡಿದ್ದೀರಿ ಅಂದರೆ, ನಿಮ್ಮ ಗೇಜ್ ಈಗ ಮೈನಸ್ 30 ತೋರಿಸುವ ಥರ್ಮಾಮೀಟರ್.

ಪೀಣ್ಯ_ಟೂಲ್‌ರೂಮ್ · ಜುಲೈ 15

😂 ನಮ್ಮ ಹುಡುಗರಿಗೆ ಓದಿ ಹೇಳಿದೆ. ಹೋನಿಂಗ್ ಮಾಡಿದವನು ಮುಖ ಊದಿಸಿಕೊಂಡಿದ್ದಾನೆ.

ಮೂರನೇ_ಸೆಮ್ · ಜುಲೈ 15

ಹಾಗಾದರೆ ಎಲ್ಲವನ್ನೂ ಇನ್ವಾರ್‌ನಲ್ಲೇ ಮಾಡಬಹುದಲ್ಲ? ಶೇ 36 ನಿಕ್ಕಲ್ ಇರುವ ಉಕ್ಕು, ಕುಗ್ಗುವುದೇ ಇಲ್ಲ ಅಂತ ಕ್ಲಾಸಿನಲ್ಲಿ ಹೇಳಿದ್ದರು. ಗಿಯೋಮ್ ಎಂಬುವರು 1896ರಲ್ಲಿ ಕಂಡುಹಿಡಿದು, 1920ರಲ್ಲಿ ನೊಬೆಲ್ ತೆಗೆದುಕೊಂಡರಂತೆ.

ದ್ರವಸಾರಜನಕ · ಜುಲೈ 16

ಕುಗ್ಗುತ್ತದೆ, ಉಕ್ಕಿನ ಹತ್ತರಲ್ಲಿ ಒಂದರಷ್ಟು. ಆದರೆ ಇಲ್ಲಿ ಬೇಡ. ಲೇತ್ ಮೇಲೆ ಅದು ಅಂಟಂಟು, ಟೂಲ್ ತಿನ್ನುತ್ತದೆ. ದುಬಾರಿ. ಮೇಲಾಗಿ, ಇನ್ವಾರ್ ಪ್ಲಂಜರ್ ಮಾಡಿ ಅಲ್ಯೂಮಿನಿಯಂ ಬಾಡಿಯಲ್ಲಿ ಕೂರಿಸಿದರೆ ಮೈನಸ್ 30ರ ಬದಲು ಮೈನಸ್ 3ರಲ್ಲೇ ಹಿಡಿದುಕೊಳ್ಳುತ್ತದೆ! ಕುಗ್ಗುವುದು ದೊಡ್ಡ ತೊಂದರೆಯಲ್ಲ. ಒಂದಕ್ಕೊಂದು ತಾಗುವ ಎರಡು ತುಂಡು ಬೇರೆ ಬೇರೆ ಲೆಕ್ಕದಲ್ಲಿ ಕುಗ್ಗುವುದು ತೊಂದರೆ. ಬಾಡಿಯನ್ನೂ ಉಕ್ಕಿನಲ್ಲೇ ಮಾಡಿ, ಮುಗಿಯಿತು.

ಎಲ್ಲಕ್ಕಿಂತ ಒಳ್ಳೆಯದು, ಜಾರುವ ಭಾಗವನ್ನೇ ತೆಗೆದುಹಾಕುವುದು. ಪ್ಲಂಜರ್ ಬದಲು ಎರಡು ತೆಳು ಲೀಫ್‌ಗಳ (ಬಾಗುವ ಲೋಹದ ಪಟ್ಟಿಗಳ) ಮೇಲೆ ನಿಂತ ತೋಳು ಇಡಿ. ಲೀಫ್ ಬಾಗುತ್ತದೆ, ಏನೂ ಉಜ್ಜುವುದಿಲ್ಲ, ಎಣ್ಣೆ ಬೇಡ, ಕ್ಲಿಯರೆನ್ಸ್ ಎಂಬ ಮಾತೇ ಇಲ್ಲ. ಬೆರಿಲಿಯಂ ಕಾಪರ್ ಸಿಕ್ಕರೆ ಅದರಲ್ಲೇ ಮಾಡಿ.

ನಮ್ಮ ಲ್ಯಾಬಿನಲ್ಲಿ ಮೈನಸ್ 196ರ ದ್ರವ ಸಾರಜನಕದಲ್ಲಿ ಲೋಹಗಳು ಎಷ್ಟು ಕುಗ್ಗುತ್ತವೆ ಎಂದು ಅಳೆಯುತ್ತೇವೆ. ಡಯಲ್ ಗೇಜನ್ನು ಒಳಗೆ ಇಳಿಸುವುದೇ ಇಲ್ಲ. ಅದು ಮೇಲೆ ಕೋಣೆಯ ಹವೆಯಲ್ಲಿ ಬೆಚ್ಚಗಿರುತ್ತದೆ. ಲೋಹದ ತುಂಡು ಕೆಳಗೆ. ನಡುವೆ ಒಂದು ಕ್ವಾರ್ಟ್ಜ್ ಗಾಜಿನ ಕಡ್ಡಿ ಸುದ್ದಿ ತರುತ್ತದೆ, ಅದು ಕುಗ್ಗುವುದು ಲೆಕ್ಕಕ್ಕೇ ಬರದಷ್ಟು. ಕೋಣೆಯ ಬಿಸಿಯಿಂದ ಅಲ್ಲಿಗೆ ಇಳಿದಾಗ ಅಲ್ಯೂಮಿನಿಯಂ ಮೀಟರಿಗೆ ಸುಮಾರು 3.9 ಮಿಮೀ ಕುಗ್ಗುತ್ತದೆ, ಟೆಫ್ಲಾನ್ 2 ಸೆಂಟಿಮೀಟರ್‌ನಷ್ಟು! ಟೆಫ್ಲಾನ್ ವಾಷರ್ ಹಾಕಿ ಸೋರುತ್ತಿದೆ ಎಂದು ಒದ್ದಾಡುವವರು ಇದನ್ನು ನೆನಪಿಡಬೇಕು.

ಬೆಳಗಾವಿ_ಫೌಂಡ್ರಿ · ಜುಲೈ 16

ನನಗೇನೋ ಇಷ್ಟು ತಲೆ ಕೆಡಿಸಿಕೊಳ್ಳೋದು ಬೇಡ ಅನಿಸ್ತದ. ಮೈನಸ್ 40ರಲ್ಲಿ ಒಮ್ಮೆ ಕ್ಯಾಲಿಬ್ರೇಶನ್ ಮಾಡಿ ಒಂದು ಚಾರ್ಟ್ ಅಂಟಿಸಿಬಿಡ್ರಿ. ಅಳತಿ ತಪ್ಪಿದ್ರೂ ಎಷ್ಟು ತಪ್ಪೈತಿ ಅಂತ ಗೊತ್ತಿದ್ರ ಸಾಕಲ್ರೀ.

ದ್ರವಸಾರಜನಕ · ಜುಲೈ 16

ಅಣ್ಣಾ, ತಪ್ಪು ದಿನಾ ಒಂದೇ ಥರ ಇದ್ದರೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಉಜ್ಜುವ ಗೇಜಿನಲ್ಲಿ ಹಾಗಿರುವುದಿಲ್ಲ. ಹೋಗುವಾಗ ಒಂದು ಅಂಕಿ, ಬರುವಾಗ ಇನ್ನೊಂದು. ಅದಕ್ಕೆ ಯಾವ ಚಾರ್ಟ್ ಅಂಟಿಸುವುದು? ಮೊದಲು ಉಜ್ಜುವಿಕೆ ತೆಗೆಯೋಣ, ಆಮೇಲೆ ನಿಮ್ಮ ಚಾರ್ಟ್.

ಬೆಳಗಾವಿ_ಫೌಂಡ್ರಿ · ಜುಲೈ 17

ಹೌದ್ ಬಿಡ್ರಿ, ಒಪ್ಪಿದೆ. ಒಂದು ಮಾತು ಸೇರಿಸ್ತೀನಿ. ಉಕ್ಕಿನ ಭಾಗಗಳನ್ನ ಹಾರ್ಡನಿಂಗ್ ಮಾಡಿಸಿದ ಮೇಲೆ ಸಬ್‌ಜೀರೋ (ಸೊನ್ನೆಗಿಂತ ಬಹಳ ಕೆಳಗ ತಣ್ಣಗ ಮಾಡೋದು) ಮಾಡಿಸ್ರಿ, ಆಮೇಲೆ ಫೈನಲ್ ಗ್ರೈಂಡಿಂಗ್. ಹಾರ್ಡನ್ ಆದ ಉಕ್ಕಿನೊಳಗ ಸ್ವಲ್ಪ ಆಸ್ಟಿನೈಟ್, ಅಂದ್ರ ಗಟ್ಟಿ ಆಗದ ರೂಪದ ಉಕ್ಕು, ಹಾಗೇ ಉಳಿದಿರ್ತದ. ಮೊದಲ ಸಲ ಭಾರೀ ಚಳಿ ಸಿಕ್ಕಾಗ ಅದು ಮಾರ್ಟೆನ್ಸೈಟ್ (ಗಟ್ಟಿ ರೂಪ) ಆಗಿ ಉಬ್ಬತದ. ನಿಮ್ಮಲ್ಲೇ ಉಬ್ಬಲಿ, ಲಡಾಖ್‌ನಾಗ ಬ್ಯಾಡ.

ಹೊಸಕೋಟೆ_ಹಾನ್ಲೆ · ಜುಲೈ 19

ಇನ್ನೆರಡು ವಿಷಯ, ಎರಡೂ ಅನುಭವದಿಂದ.

ಒಂದು, ಒಳಗಿನ ತೇವ. ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಗೇಜ್ ಮುಚ್ಚಿದರೆ ಆ ಗಾಳಿಯ ನೀರೂ ಒಳಗೇ ಉಳಿಯುತ್ತದೆ. 25 ಡಿಗ್ರಿಯಲ್ಲಿ, ಶೇ 60 ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 14 ಗ್ರಾಂ ನೀರು. ನಿಮ್ಮ ಡಯಲ್ ಡಬ್ಬಿ 100 ಮಿಲೀ ಅಂದುಕೊಂಡರೆ 1.4 ಮಿಲಿಗ್ರಾಂ. ಕೇಳಲು ಏನೂ ಅಲ್ಲ. ಆದರೆ ಮೈನಸ್ 40ರಲ್ಲಿ ಅದಷ್ಟೂ ಗಾಜಿನ ಒಳಗೆ, ಪಿವಟ್ ಮೇಲೆ ಹಿಮವಾಗಿ ಕೂರುತ್ತದೆ. ಒಣ ಸಾರಜನಕ ಊದಿ ಮುಚ್ಚಿ, ಸಿಲಿಕಾ ಜೆಲ್ ಇಡಿ.

ಎರಡು, ಪೂರ್ತಿ ಸೀಲ್ ಮಾಡಲೂಬೇಡಿ. ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್, ಹಾನ್ಲೆ ಎತ್ತರದಲ್ಲಿ 58ರ ಹತ್ತಿರ. 80 ಮಿಮೀ ಗಾಜಿನ ಮೇಲೆ ಒಳಗಿನಿಂದ ಸುಮಾರು 17 ಕೆಜಿ ತಳ್ಳುತ್ತಿರುತ್ತದೆ. ಲೇಹ್‌ನಲ್ಲಿ ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಊದಿರುತ್ತದಲ್ಲ, ಅದೇ ಕಥೆ. ನನ್ನ ಕಣ್ಣೆದುರೇ ಒಂದು ಮೀಟರ್‌ನ ಅಕ್ರಿಲಿಕ್ ಮುಚ್ಚಳ ಪೆಟ್ಟಿಗೆ ಬಿಚ್ಚಿದಾಗ ಸೀಳಿಹೋಗಿತ್ತು. ಸಿಂಟರ್ ಫಿಲ್ಟರ್ (ಲೋಹದ ಪುಡಿ ಬೆಸೆದ ಸೋಸು) ಇರುವ ಸಣ್ಣ ಉಸಿರು ತೂತು ಬಿಡಿ, ಅದರ ಹಿಂದೆಯೇ ಸಿಲಿಕಾ ಜೆಲ್.

ಹಾಂ, ಅಕ್ರಿಲಿಕ್ ಬಿಟ್ಟು ಪಾಲಿಕಾರ್ಬೊನೇಟ್ ಹಾಕಿ. ಅಂಕಿಗಳು ದಪ್ಪ ಇರಲಿ, ಹಿಡಿಕೆಗೆ ಬಟ್ಟೆ ಅಥವಾ ರಬ್ಬರ್ ಸುತ್ತಿ. ಅಲ್ಲಿ ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ದಪ್ಪ ಕೈಗವಸು ಹಾಕಿಕೊಂಡು ನಿಮ್ಮ ಆ ಚಿಕ್ಕ ಲಾಕ್ ಸ್ಕ್ರೂ ತಿರುಗಿಸಲು ನೋಡಿ. ನಾನಂತೂ ಫೋಟೋ ನೋಡಿಯೇ ನಕ್ಕೆ.

ಹಿಮದೂರಿನವಳು · ಜುಲೈ 19

ಓ-ರಿಂಗ್ ನೈಟ್ರೈಲ್ ಇದ್ದರೆ ಸಿಲಿಕೋನ್ ಹಾಕಿ. ನೈಟ್ರೈಲ್ ಇಲ್ಲಿ ಜನವರಿಯಲ್ಲಿ ಬಳೆಯ ಹಾಗೆ ಗಟ್ಟಿಯಾಗುತ್ತದೆ. ಇನ್ನೊಂದು: ಅಳತೆ ಮುಗಿದ ಮೇಲೆ ತಣ್ಣನೆಯ ಮೀಟರನ್ನು ಹಾಗೇ ಬೆಚ್ಚನೆಯ ಕೋಣೆಗೆ ತರಬಾರದು. ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗೆ ತನ್ನಿ. ಬೆವರುವುದು ಚೀಲ, ಮೀಟರ್ ಅಲ್ಲ.

ಮತ್ತೆ ಯಾರಾದರೂ ಜೊತೆಗೆ ಪಾದರಸದ ಥರ್ಮಾಮೀಟರ್ ಕಳಿಸುತ್ತೀವಿ ಅಂದರೆ ಬೇಡ ಅನ್ನಿ. ಪಾದರಸ ಮೈನಸ್ 38.83ಕ್ಕೇ ಗಟ್ಟಿಯಾಗುತ್ತದೆ. ಆಲ್ಕೋಹಾಲ್‌ನದು ಕಳಿಸಿ.

ಪೀಣ್ಯ_ಟೂಲ್‌ರೂಮ್ · ಆಗಸ್ಟ್ 30

ಎಲ್ಲರ ಮಾತೂ ಕೇಳಿದೆ. ಬಾಡಿ ಉಕ್ಕಿನದು, ಲೀಫ್ ಮೇಲೆ ತೋಳು, ಒಣ ಜೋಡಣೆ, ಪಾಲಿಕಾರ್ಬೊನೇಟ್, ಉಸಿರು ತೂತು, ದೊಡ್ಡ ಲಿವರ್. ತೂಕ ಜಾಸ್ತಿ ಆಯಿತು, ಪಾರ್ಟಿ ಗೊಣಗಿ ಒಪ್ಪಿಕೊಂಡರು. ಮೈನಸ್ 45ರಲ್ಲೂ ಮುಳ್ಳು ಓಡುತ್ತಿದೆ. ಸೆಪ್ಟೆಂಬರ್‌ನಲ್ಲಿ ಕಂಬ ನಿಲ್ಲಿಸುತ್ತಾರೆ. ಥ್ಯಾಂಕ್ಸ್ ಅಂದರೆ ಕಡಿಮೆಯಾಗುತ್ತದೆ.

ಪೀಣ್ಯ_ಟೂಲ್‌ರೂಮ್ · ಡಿಸೆಂಬರ್ 21

ಮತ್ತೆ ಬಂದೆ, ಕೆಟ್ಟ ಸುದ್ದಿ ತಂದಿದ್ದೇನೆ.

ಸೆಪ್ಟೆಂಬರ್‌ನಲ್ಲಿ 16 ಡಿಗ್ರಿ ಇದ್ದಾಗ ನಾಲ್ಕೂ ವೈರ್ 150 ಕೆಜಿಗೆ ಬಿಗಿ ಮಾಡಿದ್ದರು. ಮೊನ್ನೆ ಮೈನಸ್ 24ರಲ್ಲಿ ನೋಡಿದರೆ ನಾಲ್ಕರಲ್ಲೂ 121, 122. ಟರ್ನ್‌ಬಕಲ್ (ವೈರ್ ಬಿಗಿ ಮಾಡುವ ತಿರುಪು) ಸಡಿಲ ಆಗಿಲ್ಲ, ಲಾಕ್ ವೈರ್ ಹಾಗೇ ಇದೆ. "ನಿಮ್ಮ ಮೀಟರ್ ಚಳಿಗೆ ಸುಳ್ಳು ಹೇಳುತ್ತಿದೆ" ಎಂದು ಫೋನ್ ಬಂತು. ಬಿಲ್ ತಡೆ ಹಿಡಿದಿದ್ದಾರೆ.

ನಿವೃತ್ತ_ಗಡಿಯಾರ · ಡಿಸೆಂಬರ್ 21

ಗಾಬರಿ ಬೇಡ. ನಿಮ್ಮ ಹತ್ತಿರ ಇನ್ನೊಂದು ಪೀಸ್ ಇದೆಯಲ್ಲ? ಚಳಿ ಪೆಟ್ಟಿಗೆಯ ಮೂಲಕ ವೈರ್ ಹಾಯಿಸಿ, ಕೆಳಗೆ 150 ಕೆಜಿ ತೂಕದ ಕಲ್ಲು ನೇತುಹಾಕಿ ಅಳೆಯಿರಿ. ತೂಕದ ಕಲ್ಲಿಗೆ ಚಳಿಯೂ ಗೊತ್ತಿಲ್ಲ, ಬಿಸಿಲೂ ಗೊತ್ತಿಲ್ಲ.

ತಣ್ಣಗಾದರೆ ಉಕ್ಕಿನ ಪಟ್ಟಿ ಸ್ವಲ್ಪ ಬಿರುಸಾಗುತ್ತದೆ, ಕಡಿಮೆ ಬಾಗುತ್ತದೆ, ಮುಳ್ಳು ಕಡಿಮೆ ತೋರಿಸುತ್ತದೆ. ಅದು ಹೌದು. ಆದರೆ ಅದು 50 ಡಿಗ್ರಿಗೆ ಶೇ 1ರಿಂದ ಒಂದೂವರೆ. ಶೇ 20 ಅಲ್ಲ.

ಪೀಣ್ಯ_ಟೂಲ್‌ರೂಮ್ · ಡಿಸೆಂಬರ್ 23

ನೇತುಹಾಕಿದೆ ಸರ್. ಮೈನಸ್ 25ರಲ್ಲಿ 148. ಮೂರು ಸಲ, ಮೂರೂ ಸಲ 148.

ಮೂರನೇ_ಸೆಮ್ (ಈಗ ನಾಲ್ಕನೇ ಸೆಮ್ 🙂) · ಡಿಸೆಂಬರ್ 23

ಅಣ್ಣಾ, ಹಾಗಾದರೆ ಮೀಟರ್ ನಿಜ ಹೇಳುತ್ತಿದೆ, ವೈರೇ ಸಡಿಲ ಆಗಿದೆ ಅಲ್ವಾ? ಕಂಬ ಯಾವುದರದು, ಎಷ್ಟು ಎತ್ತರ?

ಪೀಣ್ಯ_ಟೂಲ್‌ರೂಮ್ · ಡಿಸೆಂಬರ್ 23

ಅಲ್ಯೂಮಿನಿಯಂ. 9 ಮೀಟರ್ ಎತ್ತರದಲ್ಲಿ ವೈರ್ ಕಟ್ಟಿದೆ, ಕಂಬದ ಬುಡದಿಂದ 6 ಮೀಟರ್ ದೂರಕ್ಕೆ ಗೂಟ. ವೈರ್ 5 ಮಿಮೀ, ಜಿಐ (ಸತು ಲೇಪಿಸಿದ ಉಕ್ಕು), 19 ಎಳೆಯದು.

ಮೂರನೇ_ಸೆಮ್ · ಡಿಸೆಂಬರ್ 24

ಲೆಕ್ಕ ಹಾಕಿದೆ. ಇಳಿದದ್ದು 40 ಡಿಗ್ರಿ. ಕಂಬ 9 ಮೀಟರಿಗೆ 8.3 ಮಿಮೀ ಗಿಡ್ಡ ಆಯಿತು. ವೈರ್ ಉದ್ದ 10.8 ಮೀಟರ್, ಅದು ತಾನೂ 5 ಮಿಮೀ ಕುಗ್ಗಿತು. ಉಳಿದದ್ದು 3.3 ಮಿಮೀ ಸಡಿಲ. ಈ ವೈರಿನಲ್ಲಿ ಒಂದು ಮಿಮೀಗೆ ಸುಮಾರು 14 ಕೆಜಿ. ಅಂದರೆ 46 ಕೆಜಿ ಕಡಿಮೆ ಆಗಬೇಕಿತ್ತು. ಆದರೆ ಅಷ್ಟು ಆಗಿಲ್ಲ. ಎಲ್ಲಿ ತಪ್ಪಿದೆ ಗೊತ್ತಾಗುತ್ತಿಲ್ಲ.

ದ್ರವಸಾರಜನಕ · ಡಿಸೆಂಬರ್ 24

ದಾರಿ ಸರಿ ಇದೆ, ಓರೆ ಮರೆತಿದ್ದೀಯ. ವೈರ್ ನೆಟ್ಟಗೆ ನಿಂತಿಲ್ಲ, ಓರೆಯಾಗಿ ಇಳಿದಿದೆ. ಕಂಬದ ತುದಿ 8.3 ಮಿಮೀ ಇಳಿದರೆ ವೈರಿನ ಎರಡು ತುದಿಗಳ ದೂರ ಅದರ 9/10.8 ಪಾಲು ಮಾತ್ರ ಕಡಿಮೆ ಆಗುತ್ತದೆ. ಅದು 6.9. ಅದರಲ್ಲಿ 5 ಕಳೆ, 1.9 ಮಿಮೀ. 14ರಿಂದ ಗುಣಿಸು, 27 ಕೆಜಿ. 150ರಲ್ಲಿ 27 ಹೋದರೆ 123. ಮೀಟರ್ ತನ್ನ ಪಾಲಿಗೆ ಶೇ 1ರಷ್ಟು ತಿನ್ನುತ್ತದೆ. ಬಂತಲ್ಲ ನಿನ್ನ 121, 122!

ಪೀಣ್ಯ_ಟೂಲ್‌ರೂಮ್ · ಡಿಸೆಂಬರ್ 24

ರಾತ್ರಿ ಹನ್ನೊಂದಕ್ಕೆ ಇದನ್ನು ಓದಿ ಕುರ್ಚಿಯಿಂದ ಎದ್ದು ನಿಂತೆ. ಹೆಂಡತಿ ಏನಾಯಿತು ಅಂದಳು. ಬಿಲ್ ಪಾಸ್ ಆಯಿತು ಅಂದೆ.

ನಿವೃತ್ತ_ಗಡಿಯಾರ · ಡಿಸೆಂಬರ್ 25

ಈಗ ವೈರ್ ಬದಲಿಸಲು ಹೇಳಿ. 316 ಸ್ಟೇನ್‌ಲೆಸ್ ಹಾಕಲಿ. ಅದು ಜಿಐಗಿಂತ ಜಾಸ್ತಿ ಕುಗ್ಗುತ್ತದೆ, ಮೀಟರಿಗೆ ಡಿಗ್ರಿಗೆ ಸುಮಾರು 16 ಮೈಕ್ರಾನ್. 10.8 ಮೀಟರ್, 40 ಡಿಗ್ರಿ: 6.9 ಮಿಮೀ. ಮೇಲೆ ಆ ಹುಡುಗನಿಗೆ ಕೊಟ್ಟ ಅಂಕಿ ನೋಡಿ. ಅದೂ 6.9. ಕಂಬ ಎಷ್ಟು ಸಡಿಲ ಮಾಡುತ್ತದೋ ವೈರ್ ಅಷ್ಟೇ ಎಳೆದುಕೊಳ್ಳುತ್ತದೆ. 1720ರ ದಶಕದಲ್ಲಿ ಜಾನ್ ಹ್ಯಾರಿಸನ್ ಹಿತ್ತಾಳೆ ಕಡ್ಡಿ, ಉಕ್ಕಿನ ಕಡ್ಡಿ ಸೇರಿಸಿ ಗಡಿಯಾರದ ಲೋಲಕ ಕಟ್ಟಿದ್ದು ಇದೇ ಲೆಕ್ಕದಲ್ಲಿ. ಒಂದು ಉದ್ದವಾದರೆ ಇನ್ನೊಂದು ಮೇಲಕ್ಕೆ ಎತ್ತುತ್ತದೆ.

ಆದರೆ ಇದು 9ಕ್ಕೆ 6ರ ಓರೆಗೆ ಮಾತ್ರ ಕೂಡಿಬಂದದ್ದು. ಗೂಟ ಹತ್ತಿರ ಹೊಡೆದರೆ ಬೇರೆ ಲೆಕ್ಕ.

ಹೊಸಕೋಟೆ_ಹಾನ್ಲೆ · ಡಿಸೆಂಬರ್ 25

ಇದನ್ನು ಓದಿದ ಮೇಲೆ ಒಂದು ಅನುಮಾನ. ನಾನಿದ್ದಾಗ ಒಂದು ಕಂಬದ ವೈರ್‌ಗಳನ್ನು ಪ್ರತಿ ಡಿಸೆಂಬರ್ ಬಿಗಿ ಮಾಡುತ್ತಿದ್ದೆವು, ಪ್ರತಿ ಜೂನ್‌ನಲ್ಲಿ "ಯಾರೋ ಜಾಸ್ತಿ ಬಿಗಿ ಮಾಡಿದ್ದಾರೆ" ಎಂದು ಬೈದುಕೊಂಡು ಸಡಿಲಿಸುತ್ತಿದ್ದೆವು. ಆ ಯಾರೋ ನಾವೇ.

ಪೀಣ್ಯ_ಟೂಲ್‌ರೂಮ್ · ಜನವರಿ 19, ವರ್ಷ ಕಳೆದ ಮೇಲೆ

ಹಳೇ ಎಳೆಗೆ ಒಂದು ಸುದ್ದಿ. ಬೇಸಿಗೆಯಲ್ಲಿ 316 ವೈರ್ ಹಾಕಿದರು, 150ಕ್ಕೆ ಬಿಗಿ. ಈ ವಾರ ಮೈನಸ್ 26. ನಾಲ್ಕು ವೈರ್: 147, 148, 147, 149. ಇನ್ನೂ ಆರು ಕೈಮೀಟರ್‌ಗೆ ಆರ್ಡರ್ ಬಂದಿದೆ.

ನಿವೃತ್ತ_ಗಡಿಯಾರ · ಜನವರಿ 19

ಭೇಷ್. ಮೊದಲ ಗೇಜ್, ಆ ಮೈನಸ್ 30ರ ಥರ್ಮಾಮೀಟರ್, ಇನ್ನೂ ಇದೆಯೇ? ಆ ಹೋನಿಂಗ್ ಒಮ್ಮೆ ಕಣ್ಣಾರೆ ನೋಡಬೇಕು.

ಪೀಣ್ಯ_ಟೂಲ್‌ರೂಮ್ · ಜನವರಿ 20

ಇದೆ ಸರ್. ಹೋನಿಂಗ್ ಮಾಡಿದ ಹುಡುಗ ಅದನ್ನು ಜಾಬ್ ಕಾರ್ಡ್‌ಗಳ ಮೇಲೆ ಇಡಲು ಪೇಪರ್‌ವೇಟ್ ಮಾಡಿಕೊಂಡಿದ್ದಾನೆ. ಭಾನುವಾರ ಅವನನ್ನೇ ನಿಮ್ಮ ಮನೆಗೆ ಕಳಿಸುತ್ತೇನೆ, ಕೈಯಲ್ಲಿ ಕೊಟ್ಟು.